ಅಂಗಳದಲ್ಲಿ ಮಾತ್ರ ಕುಡಿಯುವ ಕೂಸು

ಫೆಬ್ರುವರಿ 3, ಸೋಮವಾರ, ಮಧ್ಯಾಹ್ನ

ಮತ್ತೆ ಕಕ್ಕಿದಳು. ಮೂಗಿನಿಂದಲೂ ಬಂತು. ಸೀರೆ ಬದಲಿಸಲಿಲ್ಲ. ಬದಲಿಸಿ ಏನು ಮಾಡಲಿ, ಇನ್ನೊಂದು ಗಳಿಗೆಗೆ ಅದೂ ಇದೇ ಆಗುತ್ತದೆ. ಹುಳಿ ವಾಸನೆ ನನ್ನದೋ ಅವಳದೋ ಈಗೀಗ ಗೊತ್ತಾಗುವುದಿಲ್ಲ.

ವೈಷ್ಣವಿಗೆ ನಾಲ್ಕು ತಿಂಗಳು. ಹಸಿದು ಬಾಯಿ ತೆರೆಯುತ್ತಾಳೆ. ಎದೆಗೆ ಹಿಡಿದರೆ ಎರಡು ಗುಟುಕು, ಆಮೇಲೆ ಬೆನ್ನು ಸೆಟೆಸಿ ಚೀರಾಟ. ಕುಡಿದರೆ ಎದೆ ಉರಿಯುತ್ತದೆ ಅಂತ ಅವಳಿಗೆ ಗೊತ್ತಾಗಿಬಿಟ್ಟಿದೆ. ಹಾಲು ಕಂಡರೆ ಹೆದರುವ ಕೂಸು... ಯಾರಿಗೆ ಹೇಳಲಿ.

ಅತ್ತೆ ಬಾಗಿಲಲ್ಲಿ ನಿಂತು, "ನಿನ ಹಾಲೇ ನೆಟ್ಟಗಿಲ್ಲ ನೋಡು. ನಿನ್ನಿ ಏನ್ ತಿಂದಿ?" ಅಂದರು.

ಕೂಸಿನ ಬಾಯಿ ಒರೆಸಿದೆ. ಉತ್ತರಕ್ಕೂ ತ್ರಾಣ ಬೇಕು.

ಫೆಬ್ರುವರಿ 6, ಗುರುವಾರ

ಉದಗೀರಕ್ಕೆ ಹೋಗಿ ಬಂದೆವು. ಡಾಕ್ಟರು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು— ಇದು ರಿಫ್ಲಕ್ಸ್, ಕುಡಿದದ್ದು ಹುಳಿಯಾಗಿ ಗಂಟಲಿಗೆ ಮರಳಿ ಬರುವುದು, ಜೋರಾಗಿಯೇ ಇದೆ. ತಾಯಿಯ ಹಾಲು ಕೆಟ್ಟಿಲ್ಲ, ಬಿಡಿಸಬೇಡಿ. ಡ್ರಾಪ್ಸ್ ಕೊಡಿ, ನೆಟ್ಟಗೆ ಎತ್ತಿಕೊಂಡು ಕುಡಿಸಿ. ಆದರೆ ತೂಕ ಹೋದ ಸಲಕ್ಕಿಂತ ಇಳಿದಿದೆ. ಎರಡು ವಾರದಲ್ಲಿ ಏರದಿದ್ದರೆ ಲಾತೂರಿನಲ್ಲಿ ಅಡ್ಮಿಟ್. ಮೂಗಿಗೆ ನಳಿಗೆ ಹಾಕಿ ಹಾಲು ಕೊಡಬೇಕಾಗಬಹುದು.

ನಮ್ಮೂರು ವಲಾಂಡಿಗೆ ಬರುವ ಬಸ್ಸಿನಲ್ಲಿ ನನ್ನ ಗಂಡ ನೀಲಕಂಠ ಕಿಟಕಿಯ ಕಡೆ ನೋಡುತ್ತ ಕೂತರು. ನಾನು ಕೂಸಿನ ಮೂಗು ನೋಡುತ್ತ.

ಫೆಬ್ರುವರಿ 9, ಭಾನುವಾರ

ಕುಡಿದಳು!

ಎಲ್ಲರೂ ನಿಲಂಗಾಕ್ಕೆ ಮದುವೆಗೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ಕೋಣೆಯಲ್ಲಿ ಅತ್ತು ಅತ್ತು ಅವಳ ದನಿ ಬಿದ್ದಿತ್ತು. ಎತ್ತಿಕೊಂಡು ಅಂಗಳಕ್ಕೆ ಬಂದೆ. ಸೆರಗಿನ ಗೊಡವೆ ಬಿಟ್ಟು, ನೆಟ್ಟಗೆ ಹಿಡಿದು, ಬೇವಿನ ಗಿಡದ ಕೆಳಗೆ ತಿರುಗಾಡಿದೆ. ಮೇಲೆ ಎಲೆ ಅಲ್ಲಾಡುತ್ತಿದ್ದವು. ಅವನ್ನೇ ನೋಡುತ್ತ ಬಾಯಿ ಹಾಕಿದಳು. ಒಂದು ಕಡೆ ಮುಗಿಸಿ ಇನ್ನೊಂದು ಕಡೆಯೂ ಕುಡಿದಳು. ಸ್ವಲ್ಪ ಕಕ್ಕಿದಳು, ಆದರೆ ಚೀರಲಿಲ್ಲ. ನನ್ನ ಹೆಗಲ ಮೇಲೇ ನಿದ್ದೆ ಹೋದಳು.

ನಾನು ಗಿಡಕ್ಕೆ ಆತು ನಿಂತು ಅತ್ತುಬಿಟ್ಟೆ.

ಫೆಬ್ರುವರಿ 10, ಸೋಮವಾರ

ಮಾವ ಪಡಸಾಲೆಯಲ್ಲಿ. ಮೊಣಕಾಲು ನೋವು ಬಂದಾಗಿನಿಂದ ಇಡೀ ದಿನ ಅಲ್ಲೇ, ಅಂಗಳದ ಕಡೆ ಮುಖ ಮಾಡಿ. ಮದುವೆಯಾಗಿ ಮೂರು ವರ್ಷ, ಅವರ ಜೊತೆ ನೇರ ಒಂದು ಮಾತಾಡಿಲ್ಲ. ಅವರೆದುರು ತಲೆ ಮೇಲಿನ ಸೆರಗು ಜಾರಿಲ್ಲ. ಎದೆ ತೆರೆದು ತಿರುಗುವುದು ಹೇಗೆ? ಕೋಣೆಯೊಳಗೇ ಗೋಡೆಯಿಂದ ಗೋಡೆಗೆ ನಡೆದೆ. ಕುಡಿಯಲಿಲ್ಲ.

ಅತ್ತೆಗೆ ಹೇಳಿ ನೋಡಿದೆ.

"ಮಾವ ಕುಂತಲ್ಲಿ? ಮಂದಿ ಏನಂತಾರ? ನಾವೂ ಹಡದೀವಿ. ಮೂಲ್ಯಾಗ ಕುಂತು ಕುಡಿಸೀವಿ."

"ನಿಮ್ಮ ಮಕ್ಕಳು ಕುಡೀತಿದ್ವುರೀ ಅತ್ತಿ. ಇಕಿ ಒಲ್ಲೆ ಅಂತಾಳ."

ಸಂಜೆ ನೀಲಕಂಠರಿಗೆ ಹೇಳಿದೆ.

"ಅಪ್ಪಗ ಏನಂತ ಹೇಳ್ಲಿ? ನೀ ಇಲ್ಲಿಂದ ಏಳು ಅನ್ಲೇನು? ನನ ಬಾಯಿಲಿಂದ ಬರಲ್ಲ, ಮೀನಲ."

"ಲಾತೂರದಾಗ ನಳಿ ಹಾಕ್ರಿ ಅನ್ಲಾಕ ಬರ್ತದೇನು?"

ದನಿ ಏರಿಬಿಟ್ಟಿತು. ಪಡಸಾಲೆಯಲ್ಲಿ ಮಾವನ ಕೆಮ್ಮು ನಿಂತಿತು.

ಫೆಬ್ರುವರಿ 11, ಮಂಗಳವಾರ

ಮಾವ ಇಲ್ಲ. ಕಡಲೆಗೆ ಹಂದಿ ಬೀಳುತ್ತಿವೆ, ಕಾಯಲು ಹೊಲದ ಶೆಡ್ಡಿನಲ್ಲೇ ಇರುತ್ತೇನೆ ಅಂತ ಹೇಳಿ ಹೋದರಂತೆ. ಪೂಜೆಯ ಚೀಲವನ್ನೂ ಒಯ್ದಿದ್ದಾರೆ, ಅಂದರೆ ಬೇಗ ಬರುವವರಲ್ಲ. ಗೋಡೆಯಲ್ಲಿ ಚೀಲವಿಡುವ ಗೂಡು ಖಾಲಿಯಾದದ್ದು ನೋಡಿ ಅತ್ತೆಯ ಮುಖ ಇಳಿಯಿತು.

ನಾನು ಅಂಗಳಕ್ಕೆ ಹೋದೆ. ನಾಚಿಕೆಯಾಯಿತು. ಆದರೂ ಹೋದೆ. ಕುಡಿದಳು.

ಫೆಬ್ರುವರಿ 20, ಗುರುವಾರ

ತೂಕ ಏರಿದೆ. ಹೆಚ್ಚೇನಲ್ಲ, ಆದರೆ ಡಾಕ್ಟರು ಲಾತೂರಿನ ಹೆಸರೆತ್ತಲಿಲ್ಲ.

ಖುಷಿಪಡಲೂ ಆಗುತ್ತಿಲ್ಲ. ಕಾಲು ಬಾತಿವೆ. ಕುಡಿಸಲು ನಡೆ, ಕಕ್ಕದಿರಲಿ ಅಂತ ನಡೆ, ಮಲಗಿಸಲು ನಡೆ. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ರೊಟ್ಟಿ ತಟ್ಟಿ ಇಡುತ್ತಾರೆ, ಹೋಗುತ್ತಾರೆ.

ಪಕ್ಕದ ಮನೆಯ ಉಮಾಬಾಯಿ ಬಂದು, "ರೇವಣಪ್ಪ ಅಣ್ಣ ಹೊಲದಾಗ್ಯಾಕ ಬಿದ್ದಾನ? ಸೊಸಿ ಹೊರಗ ಹಾಕ್ಯಾಳಂತಲ್ಲ?" ಅಂದಳು.

"ಹಂದಿ ಕಾಯ್ಲಾಕ ಹೋಗ್ಯಾರ. ನಿನಗ್ಯಾರು ಹೇಳ್ದಾರ?" ಅತ್ತೆ ಗದರಿದರು.

ಆಕೆ ಹೋದ ಮೇಲೆ ನನ್ನ ಕಡೆ ಒಮ್ಮೆ ನೋಡಿದರು. ಅಷ್ಟೇ.

ಫೆಬ್ರುವರಿ 26, ಶಿವರಾತ್ರಿ

ಕಡಲೆ ರಾಶಿ ಮುಗಿದು ಮೂರು ದಿನ. ಇನ್ನು ಹಂದಿಯ ನೆಪವೂ ಇಲ್ಲ. ಹಬ್ಬಕ್ಕಾದರೂ ಬರುತ್ತಾರೆ ಅಂದುಕೊಂಡಿದ್ದೆವು. ಸಂಜೆ ಹೊಲದ ಆಳು ಸಿದ್ದರಾಮನ ಕೈಲಿ ಹೇಳಿಕಳಿಸಿದರು— ಪೂಜೆ ಹೊಲದಲ್ಲೇ ಮಾಡುತ್ತೇನೆ. ಕಾಲು ಬಾತದ, ಕುಂಟುತ್ತಾರ ಅಂತ ಸಿದ್ದರಾಮ ತಾನಾಗಿ ಹೇಳಿದ.

ಹಬ್ಬದ ನೆಪಕ್ಕೆ ಮಾಡಿದ ಫಲಾಹಾರವನ್ನೂ ಅತ್ತೆ ಮುಟ್ಟಲಿಲ್ಲ. ನಾನೂ ತಟ್ಟೆ ಹಾಗೇ ಮುಚ್ಚಿಟ್ಟೆ.

ಮಾರ್ಚ್ 2, ಭಾನುವಾರ

ಹೊಲಕ್ಕೆ ಹೋದೆ. ನೀಲಕಂಠರಿಗೆ ಬೈಕು ತೆಗೆಯಿರಿ ಅಂದೆ, ಅಷ್ಟೇ. ಯಾಕೆ ಅಂತ ಕೇಳಲಿಲ್ಲ.

ಮಾವ ಶೆಡ್ಡಿನೆದುರು ಹೊರಸಿನ ಮಂಚದ ಮೇಲಿದ್ದರು. ಮೊಣಕಾಲಿಗೆ ಬಟ್ಟೆ ಸುತ್ತಿತ್ತು. ನಮ್ಮನ್ನು ಕಂಡು ಏಳಲು ಹೋಗಿ ಆಗದೆ ಕೂತರು. ಮಗನಿಗೆ, "ಕೂಸಿಗಿ ಬಿಸಲಾಗ ಯಾಕ ತಂದಿ?" ಅಂದರು.

ನೀಲಕಂಠ ಬೈಕಿಗೆ ಸ್ಟ್ಯಾಂಡ್ ಹಾಕತೊಡಗಿದರು. ನಾನೇ ಸೆರಗು ಎಳೆದುಕೊಂಡೆ. ನೇರ ಅವರಿಗೇ ಹೇಳಿದೆ.

"ಮಾವಾ, ಮನಿಗಿ ನಡೀರಿ."

ಅವರು ನೆಲ ನೋಡಿದರು. "ನಾ ಬಂದ್ರ ಕೂಸು ಉಪಾಸ ಬೀಳ್ತದ."

"ತೂಕ ಏರ್ಯದರಿ."

"ಅದಕ್ಕೇ ಅಂತೀನಿ. ಏರ್ಲಿ."

"ನೀವಿಲ್ಲಿ ಕುಂತ್ರ ಅತ್ತಿ ಉಣ್ಣಲ್ಲರಿ. ನಂಗೂ ತುತ್ತು ಇಳಿಯಲ್ಲ. ನಾ ಉಣ್ಣದಿದ್ರ ಹಾಲು ಎಲ್ಲಿಂದ ಬರ್ತಾವ?"

ಮಾವ ಕೈ ಚಾಚಿ ವೈಷ್ಣವಿಯ ಪಾದ ಹಿಡಿದರು. ಅವಳಿಗೇ ಹೇಳಿದರು— "ನಿಮ್ಮವ್ವ ವಕೀಲಿ ಮಾಡ್ಲತ್ತಾಳಲ್ಲವಾ."

ಬೈಕಿನಲ್ಲಿ ಮೊದಲು ಅವರನ್ನು ಕಳಿಸಿದೆ. ನಾನೂ ಕೂಸೂ ಎರಡನೇ ಸಲಕ್ಕೆ.

ಮಾರ್ಚ್ 4, ಮಂಗಳವಾರ, ಮಧ್ಯಾಹ್ನ

ನಿನ್ನೆ ಬೆಳಗ್ಗೆ ಮಾವ ಪಡಸಾಲೆಯ ಹೊರಸನ್ನು ತಿರುಗಿಸಿ ಹಾಕಿಸಿದರು. ಅಂಗಳಕ್ಕೆ ಬೆನ್ನು, ತಲೆಬಾಗಿಲಿಗೆ ಮುಖ.

"ನಾ ರಸ್ತಾ ನೋಡ್ಕೋತ ಕುಂಡ್ರತೀನಿ. ಆಕಿ ತಿರಗಾಡ್ಲಿ," ಅಂತ ಅತ್ತೆಗೆ ಹೇಳಿದರು. ಸ್ವಲ್ಪ ಹೊತ್ತಿಗೆ ಅತ್ತೆ ತಮ್ಮ ಹಳೆಯ ಸೀರೆ ತಂದು ಎರಡು ಕಂಬಗಳಿಗೆ ಅಡ್ಡ ಕಟ್ಟಿದರು. ಉಮಾಬಾಯಿ ಬಾಗಿಲಿಗೆ ಬಂದಾಗ, "ಕೂಸು ಕುಡೀಲತ್ತದ, ಆಮ್ಯಾಲ ಬಾ," ಅಂತ ಅಲ್ಲಿಂದಲೇ ತಿರುಗಿಸಿ ಕಳಿಸಿದರು.

ನಿನ್ನೆ ಹೆದರಿಕೆಗೆ ಅವಳನ್ನು ಸರಿಯಾಗಿ ಹಿಡಿಯಲಾಗಲಿಲ್ಲ. ಇವತ್ತು ಕುಡಿದಳು. ಪೂರ್ತಿ. ಆಮೇಲೆ ನನ್ನ ಬೆನ್ನ ಮೇಲೆಲ್ಲ ಕಕ್ಕಿದಳು, ಅದು ಇದ್ದದ್ದೇ. ಕೂಸು ತಾನಾಗಿ ಕೂರುವ ಹೊತ್ತಿಗೆ ಕಡಿಮೆಯಾಗಬಹುದು ಅಂತ ಡಾಕ್ಟರು. ಅಂದರೆ ಇನ್ನೂ ತಿಂಗಳುಗಟ್ಟಲೆ. ನಡು ಮುರಿದು ಹೋಗಿದೆ. ಅತ್ತೆ ಕೂಸನ್ನು ನೆಟ್ಟಗೆ ಎತ್ತಿಕೊಂಡಿದ್ದಾರೆ, ನೀ ಕುಂತು ಉಣ್ಣು ಅಂದರು. ತಟ್ಟೆ ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಪಡಸಾಲೆಯಿಂದ ಮಾವ, ಈ ಕಡೆ ತಿರುಗದೆ, "ಮೀನಲ, ಕುಡದಳೇನವಾ?" ಅಂದರು. ಅತ್ತೆಯನ್ನಲ್ಲ. ನನ್ನನ್ನೇ. ಹೆಸರು ಹಿಡಿದು.

ಹೂಂರೀ ಮಾವಾ ಅಂತ ಹೇಳಬೇಕು, ಇಲ್ಲಿಂದಲೇ ಕೂಗಲೋ, ಎದ್ದು ಹೋಗಿ ಹೇಳಲೋ—