ನಿಧಾನಕ್ಕೆ ಬಿಚ್ಚುವ ಪಟ್ಟಿ

ಕಾಟನ್‌ವುಡ್ ಬೆಂಡ್, ವಯೋಮಿಂಗ್
ಅಕ್ಟೋಬರ್ ೧೭, ಶುಕ್ರವಾರ

ಪ್ರೀತಿಯ ವೆಸ್ಲಿ,

ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ: ನಿಮ್ಮಪ್ಪ ಚೆನ್ನಾಗಿದ್ದಾನೆ. ಈಗ ತಾನೇ ನನ್ನ ಅಡುಗೆಮನೆಯಲ್ಲಿ ಎರಡು ಮೊಟ್ಟೆ, ಮೂರು ಪ್ಯಾನ್‌ಕೇಕ್ ತಿಂದು, ಸಿರಪ್ ಕಡಿಮೆಯಾಯಿತು ಎಂದು ಗೊಣಗಿ ಹೋದ. ಇನ್ನು ಕೂತು ಓದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಏನಾದರೊಂದು ತಮಾಷೆ ಮಾಡಿ ನನ್ನನ್ನು ನಗಿಸಿಬಿಡುತ್ತೀಯ. ಈ ಸಲ ನನಗೆ ನಗಲಾಗುವುದಿಲ್ಲ.

ಕಳೆದ ವರ್ಷ ನಿಮ್ಮಮ್ಮ ಜೊನೆಲ್ ತೀರಿಕೊಂಡ ಎರಡನೇ ತಿಂಗಳು ನಿಮ್ಮಪ್ಪ ಆಲ್ಡನ್ ನಮ್ಮಿಬ್ಬರನ್ನೂ ಮನೆಗೆ ಕರೆಸಿದ್ದು ನಿನಗೆ ಮರೆತಿರಲಾರದು. ಬೇಟೆಯ ರೈಫಲ್‌ಗಳನ್ನು ಆಗಲೇ ಮಾರಿದ್ದ. ಮೇಜಿನ ಮೇಲೆ ನಮ್ಮಪ್ಪನ ರಿವಾಲ್ವರ್, ಪಕ್ಕದಲ್ಲಿ ಗುಂಡುಗಳ ಡಬ್ಬಿ. "ಸ್ವಲ್ಪ ದಿನ ಇದು ಈ ಮನೇಲಿ ಬೇಡ ಅನ್ಸತ್ತೆ," ಅಂದ. ಅಷ್ಟೇ ಅಂದದ್ದು. ಏಕೆ ಎಂದು ನೀನು ಕೇಳಲಿಲ್ಲ, ನಾನೂ ಕೇಳಲಿಲ್ಲ. ಹೆಂಡತಿಯ ಕೋಟನ್ನು ಇನ್ನೂ ಗೂಟದಿಂದ ತೆಗೆಯದವನನ್ನು ಏನೆಂದು ಕೇಳುವುದು? ಬಂದೂಕು ನಿನ್ನ ಪಾಲಿಗೆ, ಕ್ಯಾಸ್ಪರ್‌ನಲ್ಲಿರುವ ನಿನ್ನ ಮನೆಯ ಕಬ್ಬಿಣದ ಬೀರುವಿಗೆ. ಗುಂಡು ನನ್ನ ಪಾಲಿಗೆ. ನಾವು ಮೂವರೂ ಒಟ್ಟಿಗೆ ಅದೇ ಮೇಜಿಗೆ ಕೂತು ಮಾತಾಡದೆ ಯಾರೂ ಏನನ್ನೂ ವಾಪಸ್ ಕೊಡಬಾರದು ಎಂದು ಮಾತಾಯಿತು. ನೀನು ಕೈ ಚಾಚಿ ಮೊದಲು ನಿಮ್ಮಪ್ಪನ ಕೈ ಕುಲುಕಿದೆ, ಆಮೇಲೆ ನನ್ನದು. ನನ್ನ ಬೆರಳು ನೋಯುವಷ್ಟು ಗಟ್ಟಿಯಾಗಿ.

ಮಂಗಳವಾರ ಆಲ್ಡನ್ ನನ್ನ ಕೆಲಸದ ಕೋಣೆಗೆ ಬಂದ. ಕೈಯಲ್ಲಿ ಆ ರಿವಾಲ್ವರಿನ ಚರ್ಮದ ಒರೆ. ಅವನಿಗೆ ಐವತ್ತಾದಾಗ ನಾನೇ ಹೊಲಿದು ಕೊಟ್ಟದ್ದು. "ಪಟ್ಟಿ ಸಡಿಲ ಆಗಿದೆ ಅಕ್ಕ, ನೋಡು," ಅಂದ. ಖಾಲಿ ಒರೆಗೆ ಬಂದೂಕು ಹಿಡಿದಿಡುವ ಪಟ್ಟಿ ಬಿಗಿಯಾದರೇನು ಸಡಿಲವಾದರೇನು ಎಂದುಕೊಂಡೆ. ಏನಾದರೂ ನೆಪ ಮಾಡಿಕೊಂಡು ಬಂದನಲ್ಲ ಎಂದು ಖುಷಿಯೇ ಆಯಿತು. ಕಾಫಿ ಇಟ್ಟೆ.

ಆಮೇಲೆ ಒರೆಯೊಳಗೆ ಎರಡು ಬೆರಳು ಹಾಕಿದೆ.

ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟವಳು ವೆಸ್ಲಿ. ಹರಿದ ಕುದುರೆ ಜೀನುಗಳನ್ನು ಬಿಚ್ಚಿ ನೋಡಿ ನೋಡಿಯೇ ಈ ಕೆಲಸ ಕಲಿತದ್ದು. ಆದರೆ ಚರ್ಮ ಏನು ಹೇಳುತ್ತದೆ ಎಂದು ನನಗೆ ಯಾರೂ ಓದಿ ಹೇಳಬೇಕಾಗಿಲ್ಲ. ವರ್ಷವಿಡೀ ಖಾಲಿ ಬಿದ್ದ ಒರೆ ತುಟಿ ಬಿಗಿದುಕೊಳ್ಳುತ್ತದೆ, ಒಳಗೆಲ್ಲ ಒರಟಾಗಿ ಧೂಳು ಹಿಡಿಯುತ್ತದೆ. ಇದರ ಬಾಯಿ ತೆರೆದಿತ್ತು. ಬಂದೂಕಿನ ಗುಂಡು ತುಂಬುವ ಉರುಳೆ ಕೂರುವ ಜಾಗ ನುಣ್ಣಗೆ ಹೊಳೆಯುತ್ತಿತ್ತು. ಬೆರಳು ಮೂಸಿದೆ, ಹೊಸ ಎಣ್ಣೆ. ನಮ್ಮಪ್ಪನ ರಿವಾಲ್ವರ್ ತಿಂಗಳುಗಟ್ಟಲೆ ಅದರಲ್ಲೇ ಇತ್ತು.

"ಆಲ್ಡನ್, ಎಲ್ಲಿದೆ ಅದು?" ಎಂದು ಕೇಳಿದೆ. ಅವನು ಕಾಫಿ ಲೋಟ ನೋಡಿದ, ಕಿಟಕಿ ನೋಡಿದ. ಎದ್ದು ಹೋಗಿ ಪಿಕಪ್ಪಿನಿಂದ ಒಂದು ಟವೆಲಿನ ಗಂಟು ತಂದು ನನ್ನ ಹಲಗೆಯ ಮೇಲಿಟ್ಟ. "ಮಾರ್ಚ್‌ನಲ್ಲೇ ವೆಸ್ಲಿ ಕೊಟ್ಟ. ಕರುಗಳ ಹತ್ರ ಕಯೋಟಿ ನರಿ ಬರ್ತಿದೆ ಅಂದೆ, ಕೊಟ್ಟ. ಅವನನ್ನ ಬೈಬೇಡ," ಅಂದ.

ಬೈಯಬಾರದಂತೆ! ನಿಮ್ಮಪ್ಪ ಕೊನೆಯ ಕರು ಮಾರಿದ್ದು ನಿಮ್ಮಮ್ಮ ಆಸ್ಪತ್ರೆಯಲ್ಲಿದ್ದಾಗ. ಟ್ರಕ್ಕಿಗೆ ಹತ್ತಿಸಿದವನೇ ನೀನು. ಯಾವ ಕರು, ಯಾವ ನರಿ ಎಂದು ಕೇಳಲು ನಿನಗೆ ಬಾಯಿ ಬರಲಿಲ್ಲವೆ? ಬಂದದ್ದು ನಿನ್ನಪ್ಪ, ದೊಡ್ಡ ಮನುಷ್ಯ, ಕಣ್ಣಲ್ಲಿ ಕಣ್ಣಿಟ್ಟು ಕೇಳಿದ, ಇಲ್ಲ ಎನ್ನಲು ಸಂಕೋಚ. ಅದು ನನಗೆ ಅರ್ಥವಾಗುತ್ತದೆ. ಕೊಟ್ಟೆಯಲ್ಲ, ಅದನ್ನು ಹೇಗಾದರೂ ನುಂಗಿಕೊಳ್ಳುತ್ತೇನೆ. ಆದರೆ ಭಾನುವಾರಗಳನ್ನು ಏನು ಮಾಡಲಿ?

ಪ್ರತಿ ಭಾನುವಾರ ಚರ್ಚ್ ಮುಗಿದ ಮೇಲೆ ನೀನು ಫೋನ್ ಮಾಡುತ್ತೀಯ. ಪ್ರತಿ ಭಾನುವಾರ ನಾನು ಒಂದೇ ಪ್ರಶ್ನೆ ಕೇಳುತ್ತೇನೆ, ಇಟ್ಟದ್ದು ಇಟ್ಟಲ್ಲೇ ಇದೆಯೇನೋ ಎಂದು. ನೀನು ಏನನ್ನುತ್ತಿದ್ದೆ ನೆನಪು ಮಾಡಿಕೊ. "ಇದೆ ಅತ್ತೆ, ಜೇಡ ಬಲೆ ಕಟ್ಕೊಂಡು ಸಂಸಾರ ಹೂಡಿದೆ." ಒಂದು ಸಲ, "ಜೇಡಕ್ಕೆ ಮರಿ ಆಯ್ತು ಅತ್ತೆ, ಹೆಸರಿಡೋಕೆ ಬನ್ನಿ." ನಾನು ನಕ್ಕೆ. ಚೀಟಿಯೊಂದರಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ ಕೂಡ, ವೆಸ್ಲಿಯ ಜೇಡಕ್ಕೆ ಒಂದು ಹೆಸರು ಯೋಚಿಸಬೇಕು ಎಂದು. ಆ ಹೊತ್ತಿಗೆ, ಅವನೇ ಹೇಳಿದಂತೆ, ಬಂದೂಕು ನಿಮ್ಮಪ್ಪನ ಹಾಸಿಗೆಯ ಪಕ್ಕದಲ್ಲಿತ್ತು, ನಿಮ್ಮಮ್ಮ ಮಲಗುತ್ತಿದ್ದ ಕಡೆ. ಮಂಗಳವಾರ ಆ ಚೀಟಿ ಕಿತ್ತು ಒಲೆಗೆ ಹಾಕಿದೆ. ಒಬ್ಬ ಹುಡುಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಸಾಕಿದ ಕೈಗೆ ಅವನು ಇಷ್ಟು ನಗುನಗುತ್ತಾ ಸುಳ್ಳು ಹೇಳಬಲ್ಲ ಎಂದು ಗೊತ್ತಿರಲಿಲ್ಲ.

ಅದರಲ್ಲಿ ಗುಂಡು ಇತ್ತೇ ಎಂದು ನೀನು ಕೇಳುತ್ತೀಯ. ಇತ್ತು. ಆಲ್ಡನ್ ತಾನೇ ಉರುಳೆ ತೆರೆದು ಒಂದೊಂದಾಗಿ ಹಲಗೆಯ ಮೇಲೆ ನಿಲ್ಲಿಸಿದ, ಐದು. ಗುಂಡಿಗೆ ಬಡಿಯುವ ಕುದುರೆಯ ಕೆಳಗಿನ ಆರನೇ ಮನೆ ಮಾತ್ರ ಖಾಲಿ, ತಪ್ಪಿ ಹಾರದಿರಲೆಂದು ನಮ್ಮಪ್ಪ ಕಲಿಸಿದ ಹಾಗೆ.

ಈಗ ಮುಖ್ಯವಾದದ್ದು. ನಾನು ಕಿರುಚಾಡಲಿಲ್ಲ. ಒರೆಯ ಪಟ್ಟಿಯನ್ನು ಹಿಡಿದುಕೊಂಡು, "ಇದಕ್ಕೇನು ಮಾಡ್ಬೇಕು ಹೇಳು," ಅಂದೆ. ನಲವತ್ತು ವರ್ಷದಿಂದ ಈ ಬಾಗಿಲಿಗೆ ಬಂದವರೆಲ್ಲ ಕೇಳಿದ್ದು ಒಂದೇ ಮಾತು. ಒಂಟಿ ಹೆಂಗಸರು ಮಂಚದ ಚೌಕಟ್ಟಿಗೆ ಸಿಕ್ಕಿಸುವ ಒರೆ ಕೇಳುತ್ತಾರೆ, ಲಾರಿಯವರು ಸೀಟಿನ ಪಕ್ಕಕ್ಕೆ, ಶೂಟಿಂಗ್ ಪಂದ್ಯದವರು ಬೆಲ್ಟಿಗೆ. ಆದರೆ ಎಲ್ಲರಿಗೂ ಬೇಗ ಬೇಕು. ಹೆಬ್ಬೆರಳು ತಾಗಿದರೆ ಟಿಚ್ ಬಟನ್ ಬಿಡಬೇಕು, ಕಣ್ಣು ಮುಚ್ಚಿದ್ದರೂ ಹಿಡಿ ಕೈಗೆ ಬರಬೇಕು. ನಿಮ್ಮಪ್ಪ ಹೇಳಿದ್ದು ಬೇರೆ.

"ನಿಧಾನ ಮಾಡಿಕೊಡು ಅಕ್ಕ," ಅಂದ. "ಟಿಚ್ ಬಟನ್ ಬೇಡ. ದಪ್ಪ ಚರ್ಮ ಹಾಕು, ಬಕಲ್ ಹಾಕು. ಎರಡು ಕೈ ಬೇಕಾಗ್ಬೇಕು. ಬಿಚ್ಚೋಷ್ಟ್ರಲ್ಲಿ ಬೇಜಾರು ಬಂದ್ಬಿಡ್ಬೇಕು."

ಅವನು ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಅದಕ್ಕಿಂತ ಜೋರಾಗಿ ಯಾರಾದರೂ ಕೂಗಿಕೊಂಡದ್ದನ್ನು ನಾನು ನನ್ನ ಎಪ್ಪತ್ತಮೂರು ವರ್ಷದಲ್ಲಿ ಕೇಳಿಲ್ಲ.

ನಾನಂದೆ, "ಹಾಗಾದ್ರೆ ಚರ್ಮ ಹೊಸದಾಗಿ ನೆನೆಸಿ ಆಕಾರಕ್ಕೆ ಕೂರಿಸ್ಬೇಕು. ಬಂದೂಕು ಇಲ್ಲೇ ಇರ್ಲಿ, ಅಳತೆಗೆ ಬೇಕು." ಇದು ಶುದ್ಧ ಸುಳ್ಳು. ಹಸಿ ಚರ್ಮದೊಳಗೆ ನಿಜವಾದ ಬಂದೂಕು ಇಟ್ಟರೆ ತುಕ್ಕು ಹಿಡಿಯುತ್ತದೆ. ಅದಕ್ಕೇ ಒಂದು ಅಲ್ಯೂಮಿನಿಯಮ್ ಅಚ್ಚು ಇದೆ, ಥೇಟ್ ಅದೇ ರಿವಾಲ್ವರಿನ ಆಕಾರದ್ದು. ಎರಕ ಹೊಯ್ದು ಕೊಟ್ಟವನು ಆಲ್ಡನ್ನೇ. ನಮ್ಮಿಬ್ಬರ ನಡುವೆ ಗೋಡೆಯ ಮೊಳೆಗೆ ಅದು ನೇತಾಡುತ್ತಿತ್ತು. ಅವನು ಅದನ್ನು ನೋಡಿದ. ನಾನು ನೋಡಿದ್ದನ್ನೂ ನೋಡಿದ. "ಎಷ್ಟು ದಿನ ಬೇಕಾದ್ರೂ ಇಟ್ಕೊ," ಎಂದು ಹೇಳಿ ಟೋಪಿ ಹಾಕಿಕೊಂಡ.

ಅಂದಿನಿಂದ ನಾನು ಆ ಒರೆಯನ್ನು ಒಣಗಲು ಬಿಟ್ಟಿಲ್ಲ. ಒಲೆಯಿಂದ ದೂರ ಇಟ್ಟು ದಿನಕ್ಕೆರಡು ಸಲ ಸ್ಪಂಜಿನಿಂದ ಒದ್ದೆ ಮಾಡುತ್ತೇನೆ. ಅವನು ದಿನಾ ಬೆಳಿಗ್ಗೆ ಬರುತ್ತಾನೆ, ಹೆಬ್ಬೆರಳಿನಿಂದ ಒತ್ತಿ ನೋಡಿ, "ಇನ್ನೂ ಹಸಿ ಅಕ್ಕ, ಏನ್ ಕೆಲಸ ಕಲ್ತಿದೀಯೋ," ಎಂದು ಛೇಡಿಸಿ ತಿಂಡಿಗೆ ಕೂರುತ್ತಾನೆ. ಒಳಗಿರುವುದು ತನ್ನದೇ ಅಚ್ಚು ಎಂದು ಅವನಿಗೆ ಕಾಣುತ್ತದೆ. ಬಂದೂಕೆಲ್ಲಿ ಎಂದು ಕೇಳಿಲ್ಲ. ನಿನ್ನೆ, ಗುರುವಾರ, ಡಾಕ್ಟರ ಹತ್ತಿರ ಹೋಗೋಣ, ಮನಸ್ಸಿನ ಡಾಕ್ಟರು, ಎಂದು ನೇರವಾಗಿಯೇ ಹೇಳಿದೆ. "ನೀನೇ ಗಾಡಿ ಓಡಿಸೋದಾದ್ರೆ ದಾರೀಲೇ ಸಾಯ್ತೀನಿ, ನಾನೇ ಓಡಿಸ್ತೀನಿ," ಅಂದ. ಬರುವ ಬುಧವಾರ ಹೋಗುತ್ತಿದ್ದೇವೆ.

ಬಂದೂಕು ನಿನ್ನ ಬೀರುವಿಗೆ ಮತ್ತೆ ಬರುವುದಿಲ್ಲ. ನನ್ನ ಮನೆಯಲ್ಲೂ ಇಟ್ಟುಕೊಂಡಿಲ್ಲ. ಪಾದ್ರಿಯವರ ಕಡೆಯ ಒಬ್ಬರಿಗೆ ಒಪ್ಪಿಸಿದ್ದೇನೆ, ಯಾರೆಂದು ನಿನಗೂ ಹೇಳುವುದಿಲ್ಲ, ಆಲ್ಡನ್‌ಗೂ ಹೇಳುವುದಿಲ್ಲ.

ಈ ಕಾಗದ ನಿನಗೆ ಸೇರುವ ಮೊದಲು ಒಂದು ಭಾನುವಾರ ಬರುತ್ತದೆ. ನೀನು ಫೋನ್ ಮಾಡುತ್ತೀಯ. ನಾನು ಎತ್ತುವುದಿಲ್ಲ, ತಪ್ಪು ತಿಳಿಯಬೇಡ. ಇನ್ನೊಂದು ಸಲ ಆ ಜೇಡದ ಮಾತು ಕೇಳಲು ನನ್ನಿಂದಾಗದು. ಅದರ ಮುಂದಿನ ಶನಿವಾರ ಬಾ. ನಿಮ್ಮಪ್ಪನ ಮನೆಗೆ, ಆ ಮೇಜಿಗೆ. ಅಲ್ಲಿ ಕೂತು ಅವನ ಮುಖ ನೋಡಿ ಕೇಳು, ಹೋದ ವರ್ಷ ನಾವಿಬ್ಬರೂ ಕೇಳದೇ ಬಿಟ್ಟದ್ದನ್ನು. ಉತ್ತರ ಕೇಳಿ ಅತ್ತರೂ ಪರವಾಗಿಲ್ಲ. ತಮಾಷೆ ಮಾತ್ರ ಬೇಡ.

ಎಷ್ಟು ಸಿಟ್ಟಿದ್ದರೂ
ನಿನ್ನ ಅತ್ತೆಯೇ ಆದ
ಲಿಯೋಟಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಲಕೋಟೆ ಅಂಟಿಸಿ, ಮತ್ತೆ ಹರಿದು ಬರೆಯುತ್ತಿದ್ದೇನೆ. ಆ ಐದು ಗುಂಡು ಎಲ್ಲಿಂದ ಬಂದವು ಎಂದು ನೀನು ಯೋಚಿಸಿಯೇ ಇರುತ್ತೀಯ. ಜೂನ್‌ನಲ್ಲಿ ಆಲ್ಡನ್ ಬಂದು, "ಆ ಡಬ್ಬಿ ಹಳೇದಾಯ್ತು, ಶೂಟಿಂಗ್ ಮೈದಾನದಲ್ಲಿ ಯಾರಿಗಾದ್ರೂ ಕೊಟ್ಬಿಡ್ತೀನಿ," ಅಂದ. ಬಂದೂಕು ನಿನ್ನ ಬೀರುವಿನಲ್ಲಿದೆಯಲ್ಲ, ಬರೀ ಗುಂಡಿನಿಂದ ಏನಾದೀತು ಎಂದು ಹಿಟ್ಟಿನ ಡಬ್ಬದ ಹಿಂದಿನಿಂದ ತೆಗೆದು ನಾನೇ ಅವನ ಕೈಗಿಟ್ಟೆ. ಬರೀ ಬಂದೂಕಿನಿಂದ ಏನಾದೀತು ಎಂದು ನೀನೂ ಅಂದುಕೊಂಡಿದ್ದೆಯೇನೊ. ಪ್ರತಿ ಭಾನುವಾರ ನೀನು ನನ್ನನ್ನೂ ಕೇಳುತ್ತಿದ್ದೆ, "ನಿಮ್ಮ ಹತ್ರ ಇರೋದು ಇದ್ಯಾ ಅತ್ತೆ?" ಎಂದು. "ಇಲ್ಲೇ ಇದೆ ಕಣೋ, ಎಲ್ಲಿ ಹೋಗತ್ತೆ," ಎನ್ನುತ್ತಿದ್ದೆ. ನಗುನಗುತ್ತಲೇ. ಶನಿವಾರ ಬಾಗಿಲಲ್ಲಿ ನಿಂತಿರುತ್ತೇನೆ. ಮೊದಲು ಬೈಯುವ ಸರದಿ ನಿನ್ನದು.