ಗ್ಯಾರೇಜಿನ ಉತ್ತರದ ಗೋಡೆ

ವೈಟ್‌ಫಿಶ್, ಮೊಂಟಾನಾ
ಡಿಸೆಂಬರ್ ೩, ಮಂಗಳವಾರ

ಪ್ರೀತಿಯ ಅಪ್ಪಾ,

ಯಾವ ಬಾಯ್ಲರ್ ಕೊಳ್ಳುವುದೆಂದು ಆರಿಸಿಬಿಟ್ಟೆವು, ಕೊನೆಗೂ ಆರಿಸಿಬಿಟ್ಟೆವು! ಇನ್ನು ನಮ್ಮ ಮೆಟ್ಟಿಲ ಮೇಲೆ ಬಿದ್ದ ಹಿಮ ಬಿದ್ದ ಹಾಗೇ ಕರಗಿ ಹರಿದುಹೋಗುತ್ತದೆ. ಅಯ್ಯೋ, ಮೊದಲು ನಿನ್ನ ಸೊಂಟ ಹೇಗಿದೆ ಹೇಳು. ಊರುಗೋಲು ಬಿಟ್ಟೆಯಾ? ಚಳಿಗೆ ನೋವು ಹೆಚ್ಚಾಗಿಲ್ಲ ತಾನೇ? ಫೋನಿನಲ್ಲಿ ಕೇಳಿದರೆ "ಚೆನ್ನಾಗಿದೀನಿ ಮಗಳೇ, ಇಡ್ತೀನಿ" ಅಂತ ಇಟ್ಟೇಬಿಡುತ್ತೀಯ, ಅದಕ್ಕೇ ಈ ಕಾಗದ. ಮಾರ್ಚಿನಲ್ಲಿ ನನ್ನ ಮದುವೆಯ ದಿನ ಇದೇ ಮೆಟ್ಟಿಲಲ್ಲಿ ಜಾರಿ ಬಿದ್ದ ಮೇಲೆ "ವಯಸ್ಸಾಯ್ತು, ಇನ್ನು ನಿಮ್ಮೂರಿನ ಮೆಟ್ಟಿಲು ನಾನು ಹತ್ತೋದಿಲ್ಲ" ಎಂದೆಯಲ್ಲ, ಆ ಮಾತು ನನ್ನನ್ನು ಒಂದು ಕಡೆ ಕೂರಲು ಬಿಟ್ಟಿಲ್ಲ.

ಸೆಪ್ಟೆಂಬರಿನಲ್ಲಿ ಮೆಟ್ಟಿಲು ಒಡೆದು, ಹೊಸ ಕಾಂಕ್ರೀಟಿನೊಳಗೆ ಕೊಳವೆ ಸುತ್ತಿಸಿದ್ದು ನಿನಗೆ ಗೊತ್ತು. ಅದರಲ್ಲಿ ಬಿಸಿನೀರು ಹರಿಸಲು ಬಾಯ್ಲರ್ ಬೇಕು, ಬಾಯ್ಲರ್‌ಗೆ ಜಾಗ ಇರುವುದು ಗ್ಯಾರೇಜಿನಲ್ಲಿ, ಗ್ಯಾರೇಜಿಗೆ ಹೀಟರ್ ಇಲ್ಲ. ಡಾರೆಲ್‌ಗೆ (ನನ್ನ ಗಂಡನಿಗೆ! ಹಾಗೆ ಬರೆಯಲು ಇನ್ನೂ ಎಷ್ಟು ಖುಷಿ!) ಗೋಡೆಗೆ ತೂಗುಹಾಕುವ ಪುಟ್ಟ ಬಾಯ್ಲರ್ ಮೇಲೆ ಮನಸ್ಸು. ಮೆಟ್ಟಿಲಿಂದ ತಣ್ಣಗಾಗಿ ವಾಪಸು ಬರುವ ನೀರು ಅದಕ್ಕೆ ಒಗ್ಗುತ್ತದೆ, ಎರಕದ ಕಬ್ಬಿಣದ್ದಾದರೆ ಒಳಗೇ ತುಕ್ಕು ತಿನ್ನುತ್ತದಂತೆ. ಆದರೆ ಪುಟ್ಟದ್ದು ಉರಿಯುವಾಗ ಬೆವರುತ್ತದೆ. ಆ ಬೆವರು ಹೊರಹೋಗುವ ಸಣ್ಣ ಕೊಳವೆ ಹೆಪ್ಪುಗಟ್ಟಿದರೆ ಬಾಯ್ಲರೇ ನಿಂತುಬಿಡುತ್ತದೆ, ಅದೂ ಹಿಮ ಸುರಿಯುವ ದಿನವೇ! "ನಿಮ್ಮ ಗ್ಯಾರೇಜು ಬೆಳಗಿನ ಜಾವ ಎಷ್ಟು ತಣ್ಣಗಾಗುತ್ತಮ್ಮಾ?" ಎಂದರು ಬಾಯ್ಲರ್ ಅಂಗಡಿಯ ವೆಂಡಲ್. ನಾನು ಜಾಣೆಯಂತೆ ಥರ್ಮಾಮೀಟರ್ ತೂಗುಹಾಕಿ, ಎರಡು ವಾರ ದಿನಕ್ಕೆ ಐದು ಸಲ ಡಾರೆಲ್‌ನ ಬೂಟು ತೊಟ್ಟು ಓಡಿ ನೋಡಿದೆ. ಒಂದು ದಿನವೂ ನೀರು ಹೆಪ್ಪುಗಟ್ಟುವಷ್ಟು ಇಳಿಯಲಿಲ್ಲ. ಸರಿ, ಯಾವ ಹೊದಿಕೆಯೂ ಬೇಡ, ಉತ್ತರದ ಗೋಡೆಗೆ ಹಾಕಿ ಎಂದು ಬರೆದುಕೊಟ್ಟೆವು.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಫ್ರಿಜ್ಜಿನಲ್ಲಿ ಜಾಗ ಸಾಲದೆ, ಎಲ್ಲರ ಮನೆಯಂತೆ ನಾವೂ ಉಳಿದದ್ದನ್ನು ಗ್ಯಾರೇಜಿಗೆ ಸಾಗಿಸಿದೆವು. ಡಾರೆಲ್‌ನ ಅಮ್ಮ, ಲೊರೇನ್ ಅತ್ತೆ ತಂದ ರೂಟ್ ಬಿಯರ್ ಸೋಡಾದ ಡಬ್ಬಿಗಳು ಉತ್ತರದ ಗೋಡೆಯ ಬುಡದಲ್ಲಿ. ಬೆಳಗ್ಗೆ ನೋಡಿದರೆ ಡಬ್ಬಿಗಳೆಲ್ಲ ಒಡೆದು ಗೋಡೆ ತುಂಬ ಕಂದು ಮಂಜುಗಡ್ಡೆ! ನನ್ನ ಥರ್ಮಾಮೀಟರ್ ಮಾತ್ರ ಏನೂ ಆಗದವರಂತೆ, ನೀರು ಹೆಪ್ಪುಗಟ್ಟುವ ಮೂವತ್ತೆರಡಕ್ಕಿಂತ ಮೇಲೆ, ಮೂವತ್ತೆಂಟು ಫ್ಯಾರನ್‌ಹೀಟ್ ತೋರಿಸುತ್ತಿತ್ತು. ಅತ್ತೆ ನನ್ನನ್ನೂ ಅದನ್ನೂ ಒಮ್ಮೆ ನೋಡಿ, "ಏನೇ ಮಾರಿತ್, ಇದನ್ನ ಎಲ್ಕ್ ಜಿಂಕೆ ಮಾಂಸದ ಫ್ರೀಜರ್ ಬೆನ್ನಿಗೇ ತಗಲಿಸಿದೀಯಲ್ಲೇ! ಅದು ಬಿಡೋ ಬಿಸಿ ಅಳೆದು ಬಾಯ್ಲರ್ ತಗೊಳ್ತೀಯಾ? ನಲವತ್ತು ವರ್ಷ ಬಾಯ್ಲರ್ ಕೂರಿಸಿದವರ ಮಗಳಂತೆ, ಮಗಳು!" ಎಂದರು. ನಕ್ಕು ನಕ್ಕು ಡಾರೆಲ್ ನೆಲದ ಮೇಲೆ ಕೂತ.

"ಯಂತ್ರ ಕೂರೋ ಗೋಡೆ ಮೊದಲು ಕೈಯಲ್ಲಿ ಮುಟ್ಟಿ ನೋಡು" ಎನ್ನುತ್ತಿದ್ದೆಯಲ್ಲ ಅಪ್ಪಾ, ಅದನ್ನೇ ಮರೆತಿದ್ದೆ. ವೆಂಡಲ್‌ಗೆ ಬರೆದುಕೊಟ್ಟದ್ದನ್ನೆಲ್ಲ ನಿನ್ನೆ ತಿದ್ದಿಸಿದೆವು. ಅದೇ ಪುಟ್ಟ ಬಾಯ್ಲರ್, ಆದರೆ ಮನೆಗೆ ಅಂಟಿದ ದಕ್ಷಿಣದ ಗೋಡೆಗೆ, ಸುತ್ತ ದಪ್ಪ ಹೊದಿಕೆಯ ಬೀರು, ಬೆವರಿನ ಕೊಳವೆ ಗೋಡೆ ತೂರಿ ಬೆಚ್ಚಗಿನ ಬಚ್ಚಲಿಗೆ, ನೀರು ಹೆಪ್ಪುಗಟ್ಟದ ಹಾಗೆ ಅದಕ್ಕೆಲ್ಲ ಆಂಟಿಫ್ರೀಜ್. ಸರಿಯಿದೆಯಾ? ಇದೆ ಅನ್ನು! ಆದರೂ ನನಗೆ ತಳಮಳ. ಎರಡು ಸಾಲಿಗೊಮ್ಮೆ ಎದ್ದು ಮೆಟ್ಟಿಲು ನೋಡಿ ಬರುತ್ತಿದ್ದೇನೆ.

ಡಾರೆಲ್, ಅತ್ತೆ ಇಬ್ಬರೂ ನಿನ್ನನ್ನು ಬಹಳ ಕೇಳಿದರು. ನಿನ್ನ ಒರಟು ಕೈಗಳಿಗೆ ನೂರು ಮುತ್ತು.

ನಿನ್ನ
ಮಾರಿತ್

ತಾ.ಕ.: ಅಂಚೆಯವಳ ಗಾಡಿ ತಿರುವಿನಲ್ಲಿದೆ, ಹೇಳಿಬಿಡುತ್ತೇನೆ. ಮದುವೆಯ ಬೆಳಗ್ಗೆ ಯಾರೂ ಜಾರದ ಹಾಗೆ ಮೆಟ್ಟಿಲಿಗೆ ಮರಳು ಹಾಕುತ್ತೇನೆ ಎಂದವಳು ನಾನು. ಜಡೆ ಕಟ್ಟಿಸಿಕೊಳ್ಳುವ ಸಡಗರದಲ್ಲಿ ಮರೆತೆ. ನೀನು ಬಿದ್ದಾಗ ಎಲ್ಲರೂ ನಿನ್ನ ಹೊಸ ಬೂಟನ್ನು ಬೈದರು, ನೀನು ನಿನ್ನ ವಯಸ್ಸನ್ನು ಬೈದುಕೊಂಡೆ, ನಾನು ಸುಮ್ಮನಿದ್ದೆ. ಒಂಬತ್ತು ತಿಂಗಳು ಸುಮ್ಮನಿದ್ದೆ ಅಪ್ಪಾ. ಹನ್ನೆರಡನೇ ತಾರೀಖಿಗೆ ಬಾಯ್ಲರ್ ಕೂರುತ್ತದೆ, ಆದರೆ ನೀನು ಬಂದು ಹಚ್ಚುವವರೆಗೆ ಯಾರೂ ಅದನ್ನು ಮುಟ್ಟುವುದಿಲ್ಲ. ಅಲ್ಲಿಯ ತನಕ ಡಾರೆಲ್ ದಿನಾ ಮರಳು ಹಾಕುತ್ತಾನೆ. ಚೀಲ ಕಟ್ಟಿಡು. ಬೈಯುವುದಿದ್ದರೆ ಸ್ಟೇಷನ್ನಿನಲ್ಲೇ ಬೈದುಬಿಡು: ಹದಿನಾಲ್ಕನೇ ತಾರೀಖು, ಶನಿವಾರ ಬೆಳಗ್ಗೆ, ಎಂಪೈರ್ ಬಿಲ್ಡರ್ ರೈಲಿನಿಂದ ನಿನ್ನೂರು ರೆಡ್ ವಿಂಗ್‌ನಲ್ಲಿ ಇಳಿಯುತ್ತೇನೆ, ನಿನ್ನನ್ನು ಕರೆದೊಯ್ಯಲು.