ನಾನು ನೇರ ಮಾಡಿದ ಗೆರೆ

ಮೇ 4

ಇವತ್ತೂ ಅದೇ. ಹಳೆಯ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುವುದು. ಮೂವತ್ತು ವರ್ಷ ಪೆನ್ನು ಹಿಡಿದ ಕೈಗೆ ಈಗ ಮೌಸು. ಮಧ್ಯಾಹ್ನ ತಂಗಿಯ ಫೋನ್. ಮನೆ ಕೊಂಡು ನಾಲ್ಕು ತಿಂಗಳು, ಈಗ ವಿಮೆ ಮಾಡಿಸುತ್ತಿದ್ದಾಳೆ. ನೆರೆಗೆ ಬೇರೆ ಪಾಲಿಸಿ ಬೇಕು ಎಂದನಂತೆ ವಿಮೆಯವನು.

"ಅಣ್ಣಾ, ನಿಮ್ಮ ನಕ್ಷೇಲಿ ನಮ್ಮ ಬೀದಿ ನೆರೆ ನೀರಿನ ಗೆರೆ ಒಳಗೋ ಹೊರಗೋ?"

"ಹೊರಗೆ ಕಣೇ. ಆ ಗೆರೆ ಎಳೆದವನೇ ನಾನು."

ನಕ್ಷೆ ತೆಗೆದೂ ನೋಡಲಿಲ್ಲ. ಹಿಂದಿನಿಂದ ಅವಳ ಗಂಡನ ದನಿ — "ನಿಮ್ಮಣ್ಣ ಗೆರೆ ಎಳೆದ್ಮೇಲೆ ನದಿಗೆ ದಾಟೋ ಧೈರ್ಯ ಇದ್ಯಾ?" ನಕ್ಕೆವು. ಬೇರೆ ಪಾಲಿಸಿ ಬೇಡ ಎಂದು ತೀರ್ಮಾನವಾಯಿತು.

ಮೇ 9

ಆ ಬೀದಿಯ ಶೀಟಿನ ಸರದಿ. ಹೊಸ ಯಂತ್ರದಲ್ಲಿ ಒಂದು ಸೌಕರ್ಯ — ಸರ್ವೆಯವರು ಪೆನ್ಸಿಲ್‌ನಲ್ಲಿ ಗುರುತಿಸಿದ ಮೂಲ ಹಾಳೆಯ ಮೇಲೆ ನನ್ನ ಶಾಯಿ ನಕ್ಷೆಯನ್ನು ಹೊದಿಸಿ ನೋಡಬಹುದು. ಹೊದಿಸಿದೆ.

ಪೆನ್ಸಿಲ್ ಗೆರೆ ಒಂದು ಕಡೆ ಚೀಲದ ಹಾಗೆ ಊದಿಕೊಂಡು ನದಿಯಿಂದ ಊರಿನ ಕಡೆಗೆ ಹೋಗಿದೆ. ನನ್ನ ಗೆರೆ ಅಲ್ಲಿ ನೇರ.

ನೆನಪಿದೆ. ಹನ್ನೊಂದು ವರ್ಷದ ಹಿಂದೆ. ಆಗ ಅಲ್ಲಿ ಬರೀ ಬಯಲು. ಸರ್ವೆಯವನ ಕೈ ನಡುಗಿರಬೇಕು ಎಂದುಕೊಂಡೆ. ಚಳಿಯೋ, ಇನ್ನೇನಾದರೂ ಏರಿಸಿಕೊಂಡಿದ್ದನೋ... ಅಂಕುಡೊಂಕು ಕಂಡರೆ ನನಗಾಗದು. ಸ್ಕೇಲ್ ಇಟ್ಟು ಎಳೆದುಬಿಟ್ಟೆ. ಯಾರನ್ನೂ ಕೇಳಲಿಲ್ಲ. ಆ ಶೀಟಿಗೆ ಕಚೇರಿಯಲ್ಲಿ ಬೆನ್ನು ತಟ್ಟಿಸಿಕೊಂಡದ್ದು ಬೇರೆ.

ಆ ಚೀಲದೊಳಗೆ ಈಗ ಹನ್ನೆರಡು ಮನೆ. ಎಡದಿಂದ ಐದನೆಯದು ತಂಗಿಯದು.

ಮೇ 10, ಭಾನುವಾರ

ಸೈಕಲ್ಲಿನಲ್ಲಿ ತಂಗಿಯ ಮನೆಗೆ ಹೋದೆ. ಬೀದಿಯ ತಿರುವು ದಾಟಿದ ಮೇಲೆ ಪೆಡಲ್ ತುಳಿಯಲಿಲ್ಲ. ಸೈಕಲ್ ತಾನಾಗಿ ಉರುಳಿ ಅವಳ ಗೇಟಿನ ಮುಂದೆ ನಿಂತಿತು. ಕಣ್ಣಿಗೆ ಬೀದಿ ಮಟ್ಟಸ, ಚಕ್ರಕ್ಕೆ ಅಲ್ಲ. ನಾಲ್ಕು ತಿಂಗಳಿಂದ ಬರುತ್ತಿದ್ದೇನೆ, ಗಮನಿಸಿರಲಿಲ್ಲ.

ಮುಂದಿನ ಕೋಣೆಯಲ್ಲಿ ಮೂರು ಹೊಲಿಗೆ ಯಂತ್ರ. ಮೋಟಾರು ನೆಲದಿಂದ ಒಂದು ಗೇಣು ಮೇಲೆ. ಗೋಡೆಗೆ ಒರಗಿಸಿದ ಬಟ್ಟೆಯ ಥಾನುಗಳು — ಯಾವುದೋ ಶಾಲೆಯ ಸಮವಸ್ತ್ರಕ್ಕೆ. "ಬಾಡಿಗೆ ಮನೇಲಿ ಮೋಟರ್ ಸದ್ದು ಅಂತ ಬೈಸ್ಕೊಂಡು ಸಾಕಾಗಿತ್ತು. ಇಲ್ಲಿಂದ ಏಳು ಅನ್ನೋಕೆ ಇನ್ಯಾರಿಗೂ ಬಾಯಿಲ್ಲ" ಎಂದಳು. ಹೇಳಬೇಕೆಂದೇ ಹೋದವನು. ಊಟ ಮಾಡಿ ಬಂದೆ.

ಮೇ 11

ಸಾಹೇಬರಿಗೆ ಹೇಳಿದೆ. ಬಾಗಿಲು ಹಾಕಿ ಎಂದರು.

"ಹನ್ನೊಂದು ವರ್ಷದಲ್ಲಿ ಒಂದ್ಸಲ ನೀರು ಬಂತೇನ್ರೀ? ಮುಂದಿನ ವರ್ಷ ಹೊಸ ನಕ್ಷೆ ಬರುತ್ತಲ್ಲ, ಅದ್ರಲ್ಲಿ ಸರಿ ಮಾಡಿದ್ರಾಯ್ತು. ನಿಮ್ಗೆ ಸರ್ವೀಸು ಇನ್ನೆಷ್ಟಿದೆ?"

"ಎರಡು ವರ್ಷ ಸಾರ್."

"ಮತ್ತೆ?"

ಆ 'ಮತ್ತೆ' ಸಾಕಾಯಿತು. ತಲೆ ತಗ್ಗಿಸಿ ಹೊರಬಂದೆ.

ಮೇ 12

ವಿಮೆ ಕಚೇರಿಗೆ ಹೋದೆ. ಯಾರೆಂದು ಹೇಳದೆ ವಿಚಾರಿಸಿದೆ.

"ಬೆಂಕಿ, ಕಳ್ಳತನ, ಪೈಪ್ ಒಡೆಯೋದು — ಇದಕ್ಕೆಲ್ಲ ಮಾಮೂಲಿ ಪಾಲಿಸಿ. ಹೊರಗಿಂದ ನುಗ್ಗೋ ನೀರಿಗೆ ಬೇರೆ. ಅದೂ ಕಟ್ಟಿ ಮೂವತ್ತು ದಿನ ಆದ್ಮೇಲೆ ಜಾರಿ. ಮೋಡ ನೋಡ್ಕೊಂಡು ಓಡಿ ಬಂದ್ರೆ ಆಗಲ್ಲ ಸಾರ್."

"ಗೆರೆ ಹೊರಗಿನವರಿಗೂ ಕೊಡ್ತೀರಾ?"

"ಕೊಡ್ತೀವಿ, ಅದೂ ಕಡಿಮೆಗೆ. ಗೆರೆ ಇರೋದು ಸಾಲ ಕೊಡೋ ಬ್ಯಾಂಕಿನವ್ರಿಗೆ, ಒಳಗಿರೋರಿಗೆ ಪಾಲಿಸಿ ಕಡ್ಡಾಯ ಮಾಡೋಕೆ. ನೀರು ನಕ್ಷೆ ಓದುತ್ತಾ? ಆದ್ರೆ ಹೊರಗಿದೀವಿ ಅಂತ ಗೊತ್ತಾದ್ರೆ ಯಾರೂ ಇತ್ತ ತಲೆ ಹಾಕಲ್ಲ."

ನಾಳೆಯೇ ತಂಗಿಗೆ ಹೇಳುತ್ತೇನೆ.

ಮೇ 13

ನಾಳೆ.

ಮೇ 29

ಹದಿನಾರು ದಿನ ಈ ಪುಸ್ತಕ ತೆರೆಯಲಿಲ್ಲ. ಅವಳಿಗೆ ಕೆಲಸ ಜಾಸ್ತಿ, ಅವಳ ಗಂಡನಿಗೆ ಜ್ವರ, ನನಗೆ ತಲೆನೋವು — ನೆಪಗಳಿಗೇನು ಬರ? ನದಿಯ ಮೇಲ್ಭಾಗದಲ್ಲಿ ಮಳೆ ಹಿಡಿದಿದೆ. ಸೇತುವೆಯ ಕಂಬಕ್ಕೆ ಬರೆದ ಅಳತೆಯಲ್ಲಿ ನೀರು ಮೂರು ಅಂಕೆ ನುಂಗಿದೆ. ಹೇಡಿ ನಾನು.

ಮೇ 30

ಹೇಳಿದೆ.

ಯಂತ್ರ ನಿಲ್ಲಿಸಿದಳು.

"ಯಾವಾಗ ಗೊತ್ತಾಯ್ತು?"

"ನಿನ್ನೆ."

ಆ ಸುಳ್ಳು ಎಲ್ಲಿತ್ತೋ, ಬಾಯಿಂದ ಬಿದ್ದುಹೋಯಿತು. ಸಂಜೆಯೊಳಗೆ ಪಾಲಿಸಿ ಮಾಡಿಸಿಕೊಂಡು ಬಂದಳು. ಜಾರಿ ಜೂನ್ 29ರಿಂದ. ಮೇ ಹತ್ತಕ್ಕೇ ಹೇಳಿದ್ದರೆ ಸೋಮವಾರವೇ ಕಟ್ಟುತ್ತಿದ್ದಳು, ಜೂನ್ ಹತ್ತರಿಂದ ಜಾರಿ.

ಜೂನ್ 7

ಸುಮ್ಮನೆ ಕೂರುವವಳಲ್ಲ ನನ್ನ ತಂಗಿ. ಉಳಿದ ಹನ್ನೊಂದು ಮನೆಗೂ ಹೋಗಿ ಹೇಳಿದ್ದಾಳೆ. ಏಳು ಮನೆಯವರು ಪಾಲಿಸಿ ಮಾಡಿಸಿದರು. ಮೂವರು ನಕ್ಕರು. ಒಬ್ಬರು ಬಾಗಿಲೇ ತೆಗೆಯಲಿಲ್ಲ. ಇವತ್ತು ಮೂಲೆಮನೆಯ ನಿವೃತ್ತ ಮೇಷ್ಟ್ರು ಬೀದಿಯಲ್ಲೇ ನನ್ನ ಕೈ ಹಿಡಿದುಕೊಂಡರು. "ತಪ್ಪು ಗೊತ್ತಾದ ಮರುದಿನವೇ ಬಂದು ಒಪ್ಕೊಳ್ಳೋರು ಎಷ್ಟು ಜನ ಇದಾರೆ ಹೇಳಿ!" ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೇಷ್ಟ್ರು ಕೈ ಬಿಡಲೇ ಇಲ್ಲ.

ಜೂನ್ 14

ಇಲ್ಲಿ ಮಳೆ ಅಷ್ಟೇನಿಲ್ಲ. ಆದರೂ ನದಿ ಏರುತ್ತಿದೆ, ಅದೇ ಭಯ. ತಂಗಿಯ ಬೀದಿಯ ಚರಂಡಿ ನೋಡಿದೆ. ಹರಿಯುತ್ತಿಲ್ಲ, ನಿಂತಿದೆ. ಒಂದು ಸಿಗರೇಟಿನ ತುಂಡು... ನೋಡನೋಡುತ್ತಲೇ ನದಿಯ ಕಡೆಯಿಂದ ಮನೆಗಳ ಕಡೆಗೆ ತೇಲಿ ಬಂತು. ಥಾನುಗಳನ್ನು ಮಹಡಿ ಕೋಣೆಗೆ ಸಾಗಿಸಿದೆವು. ಯಂತ್ರಗಳು ಮೆಟ್ಟಿಲಿನ ತಿರುವಿನಲ್ಲಿ ಹಿಡಿಯಲಿಲ್ಲ. ಮೇಜಿನ ಮೇಲೆ ಎತ್ತಿಟ್ಟೆವು. ಮನೆಗೆ ಹೋಗಲು ಮನಸ್ಸಾಗಲಿಲ್ಲ, ಇಲ್ಲೇ ಉಳಿದೆ.

ಜೂನ್ 16, ಬೆಳಿಗ್ಗೆ 7

ಬಚ್ಚಲ ತೂಬಿನಲ್ಲಿ ಗುಳುಗುಳು. ಕಪ್ಪು ನೀರು. ಬೀದಿ ಇನ್ನೂ ಒಣಗಿದೆ — ಮನೆಯೊಳಗಿನಿಂದಲೇ ಬರುತ್ತಿದೆ!

ಬೆಳಿಗ್ಗೆ 11

ಮಹಡಿ ಕೋಣೆ. ಥಾನುಗಳ ಮೇಲೆ ಕೂತಿದ್ದೇನೆ. ಕೆಳಗೆ ಮೇಜು ಮುಳುಗಿತು, ಯಂತ್ರಗಳೂ. ನೀರು ಬೀದಿಯ ತಿರುವಿನ ಆಚೆ ಹೋಗಿಲ್ಲ. ಮುಳುಗಿದ್ದು ಪೆನ್ಸಿಲ್ ಗೆರೆಯೊಳಗಿನ ಹನ್ನೆರಡೇ ಮನೆ. ಏಳು ಮನೆಯವರ ಕೈಯಲ್ಲಿ ಇನ್ನೂ ಜಾರಿಯಾಗದ ಪಾಲಿಸಿ, ನಮ್ಮ ಹಾಗೆಯೇ.

ತಂಗಿ ಪಾಲಿಸಿ ಕಾಗದವನ್ನು ಮಡಿಚಿದಳು, ಬಿಡಿಸಿದಳು. "ಇನ್ನು ಹದಿಮೂರು ದಿನ ತಡೀಬಾರ್ದಿತ್ತಾ ಈ ನೀರು" ಎಂದಳು. ಆಮೇಲೆ ನನ್ನ ಮುಖ ನೋಡಿ ಹತ್ತಿರ ಬಂದು ಕೂತಳು.

"ನೀನ್ಯಾಕಣ್ಣ ಹೀಗೆ ಕೂತಿದ್ಯ? ಗೊತ್ತಾದ ಮರುದಿನವೇ ಓಡಿ ಬಂದ್ಯಲ್ಲ. ಇನ್ನೇನು ಮಾಡಕ್ಕಾಗ್ತಿತ್ತು ನಿನ್ನಿಂದ?"

ದೋಣಿ ಬಂತೇ ನೋಡಲು ಗಂಡನ ಜೊತೆ ತಾರಸಿಗೆ ಹೋದಳು.

ನನಗೆ ಸಮಾಧಾನ ಹೇಳುತ್ತಿದ್ದಾಳೆ. ನನಗೆ! ಇನ್ನು ತಾಳಲಾರೆ. ಬಂದ ಕೂಡಲೇ ಹೇಳಿಬಿಡಬೇಕು. ಹೇಗೆ ಶುರು ಮಾಡಲಿ... ಬಂದಳು. ಬಾಗಿಲಲ್ಲಿ ನಿಂತು ಕೇಳುತ್ತಿದ್ದಾಳೆ — "ಇಂಥ ಹೊತ್ತಲ್ಲಿ ಅದೇನಣ್ಣ ಬರೀತಿದ್ಯ?" ನನ್ನ ಬಾಯಿಯನ್ನು ನಾನೇ ನಂಬಲಾರೆ. ಪುಸ್ತಕವನ್ನೇ ಕೊಡುತ್ತೇನೆ. ಮೇ 9ರ ಪುಟ ತೆಗೆದು